ಮಂತ್ರಿಗಳನ್ನು ಪ್ರಶ್ನೆ ಕೇಳುವವರು ಯಾರು?
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)

ಪಾಠದ ಉದ್ದೇಶ
1. ಶಾಸನಸಭೆಯ ಪ್ರಶ್ನೋತ್ತರ ವೇಳೆಯ ಬಗ್ಗೆ ತಿಳಿದುಕೊಳ್ಳುವುದು.
2. ನಮ್ಮೂರಿನ ಸಮಸ್ಯೆಯನ್ನು ಶಾಸಕರ ಮೂಲಕ ಮಂತ್ರಿಗಳ ಮುಂದೆ ಇಡುವ ದಾರಿಯನ್ನು ಅರಿಯುವುದು.
3. ಒಂದು ಸರಿಯಾದ ಪ್ರಶ್ನೆಯನ್ನು ಬರೆಯಲು ಕಲಿಯುವುದು.



ವಾರದ ಸಭೆಯಲ್ಲಿ ನಾವು ಏನೆಲ್ಲ ಮಾಡ್ತೇವೆ? ಹಾಜರಿ ಹಾಕ್ತೇವೆ. ಹಿಂದಿನ ಸಭೆಯ ನಡಾವಳಿ ಓದ್ತೇವೆ. ಉಳಿತಾಯ, ಸಾಲದ ಕಂತು ಲೆಕ್ಕ ಮಾಡ್ತೇವೆ. ಪ್ರತಿನಿಧಿ ಬ್ಯಾಂಕಿಗೆ ಹೋಗಿ ಬಂದಿದ್ದರೆ "ಎಷ್ಟು ಕಟ್ಟಿದ್ರಿ? ಪಾಸ್‌ಬುಕ್ ತೋರಿಸಿ" ಅಂತ ಕೇಳ್ತೇವೆ. ಇದನ್ನು ಯಾರೂ ಜಗಳ ಅಂತ ತಿಳಿಯುವುದಿಲ್ಲ. ಕೇಳುವವಳಿಗೆ ಹಕ್ಕು ಉಂಟು, ಹೇಳುವವಳಿಗೆ ಹೊಣೆ ಉಂಟು. ಹಾಗೆ ಕೇಳುವುದರಿಂದಲೇ ಸಂಘ ಉಳಿದಿದೆ.

ಸಂಘಕ್ಕೆ ಪ್ರತಿನಿಧಿ ಇರುವ ಹಾಗೆ ಕ್ಷೇತ್ರಕ್ಕೆ ಜನಪ್ರತಿನಿಧಿ ಇದ್ದಾರೆ. ಸಂಘದ ಹಣಕ್ಕೆ ಲೆಕ್ಕ ಇರುವ ಹಾಗೆ ರಾಜ್ಯದ ಹಣಕ್ಕೂ ಲೆಕ್ಕ ಇರಬೇಕು. ಆ ಲೆಕ್ಕ ಕೇಳುವ ಜಾಗ ವಿಧಾನಸಭೆ. ಆದರೆ ನಮ್ಮಲ್ಲಿ ಹೆಚ್ಚಿನವರು ಶಾಸಕರನ್ನು ನೋಡುವುದು ರಸ್ತೆಯ ಗುದ್ದಲಿ ಪೂಜೆಯಲ್ಲಿ, ಮದುವೆ ಮನೆಯಲ್ಲಿ, ಇಲ್ಲವೇ ಚುನಾವಣೆ ಬಂದಾಗ. ಅವರ ಬಹಳ ಮುಖ್ಯವಾದ ಒಂದು ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆ ಕೆಲಸವೇ ಮಂತ್ರಿಗಳನ್ನು ಪ್ರಶ್ನೆ ಕೇಳುವುದು.

ಸರ್ಕಾರ ಯಾರಿಗೆ ಉತ್ತರ ಹೇಳಬೇಕು?

ನಮ್ಮ ಸಂವಿಧಾನದ 164ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ: ರಾಜ್ಯದ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕು. ಅಂದರೆ ಮಂತ್ರಿಗಳು ವಿಧಾನಸಭೆಗೆ ಉತ್ತರ ಹೇಳಲೇಬೇಕಾದವರು. ಸಭೆಯ ವಿಶ್ವಾಸ ಹೋದರೆ ಸರ್ಕಾರವೇ ಹೋಗುತ್ತದೆ.

ಕರ್ನಾಟಕದ ವಿಧಾನಸಭೆಯಲ್ಲಿ 224 ಮಂದಿ ಚುನಾಯಿತ ಸದಸ್ಯರು ಇದ್ದಾರೆ. 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ ಮುಖ್ಯಮಂತ್ರಿಯೂ ಸೇರಿ 34ಕ್ಕಿಂತ ಹೆಚ್ಚು ಮಂತ್ರಿಗಳು ಇರುವ ಹಾಗಿಲ್ಲ. ಉಳಿದವರು ಪ್ರಶ್ನೆ ಕೇಳಬೇಕಾದವರು. ವಿರೋಧ ಪಕ್ಷದವರು ಮಾತ್ರ ಕೇಳಬೇಕು ಅಂತ ಎಲ್ಲೂ ಇಲ್ಲ. ಆಡಳಿತ ಪಕ್ಷದ ಶಾಸಕರೂ ತಮ್ಮದೇ ಪಕ್ಷದ ಮಂತ್ರಿಯನ್ನು ಕೇಳಬಹುದು. ಮೇಲ್ಮನೆಯಾದ ವಿಧಾನ ಪರಿಷತ್ತಿನ 75 ಸದಸ್ಯರಿಗೂ ಪ್ರಶ್ನೆ ಕೇಳುವ ಹಕ್ಕು ಉಂಟು.

ಪ್ರಶ್ನೋತ್ತರ ವೇಳೆ ಅಂದರೆ ಏನು?

ಅಧಿವೇಶನ ನಡೆಯುವ ದಿನಗಳಲ್ಲಿ ಪ್ರಶ್ನೆಗಳಿಗೆಂದೇ ಸುಮಾರು ಒಂದು ಗಂಟೆ ಮೀಸಲಾಗಿರುತ್ತದೆ. ಇದೇ ಪ್ರಶ್ನೋತ್ತರ ವೇಳೆ. ಪ್ರಶ್ನೆಗಳಲ್ಲಿ ಎರಡು ಮುಖ್ಯ ವಿಧ:

ಚುಕ್ಕೆ ಗುರುತಿನ ಪ್ರಶ್ನೆ: ಇದಕ್ಕೆ ಮಂತ್ರಿ ಎದ್ದು ನಿಂತು ಸದನದಲ್ಲೇ ಉತ್ತರ ಹೇಳಬೇಕು. ಉತ್ತರ ಸಾಲದಿದ್ದರೆ ಅಲ್ಲೇ ಉಪಪ್ರಶ್ನೆ ಕೇಳಬಹುದು.

ಚುಕ್ಕೆ ಗುರುತಿಲ್ಲದ ಪ್ರಶ್ನೆ: ಇದಕ್ಕೆ ಉತ್ತರ ಬರವಣಿಗೆಯಲ್ಲಿ ಬರುತ್ತದೆ. ಉಪಪ್ರಶ್ನೆ ಇಲ್ಲ. ಆದರೆ ಅಂಕಿ ಅಂಶ, ಪಟ್ಟಿ ಬೇಕಾದಾಗ ಇದೇ ಹೆಚ್ಚು ಉಪಯೋಗ.

ಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕೊಡಬೇಕು. ಲೋಕಸಭೆಯಲ್ಲಿ ಸಾಮಾನ್ಯವಾಗಿ 15 ದಿನದ ಸೂಚನೆ ಬೇಕು. ಯಾಕೆಂದರೆ ಮಂತ್ರಿಗಳ ಕಚೇರಿಯಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಪತ್ರ ಹೋಗಿ ಮಾಹಿತಿ ಮೇಲೆ ಬರಬೇಕು. ಇಲ್ಲಿ ಒಂದು ವಿಷಯ ಗಮನಿಸಿ. ಉತ್ತರ ಬರುವ ಮೊದಲೇ ಪ್ರಶ್ನೆ ಕೆಲಸ ಮಾಡಲು ಶುರು ಮಾಡುತ್ತದೆ. ವರ್ಷಗಟ್ಟಲೆ ಯಾರೂ ತೆಗೆಯದ ಫೈಲು "ವಿಧಾನಸಭೆ ಪ್ರಶ್ನೆ ಬಂದಿದೆ" ಎಂದ ಕೂಡಲೇ ಮೇಜಿನ ಮೇಲೆ ಬರುತ್ತದೆ.

ಇದಲ್ಲದೆ ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ, ನಿಲುವಳಿ ಸೂಚನೆ ಮುಂತಾದ ಬೇರೆ ದಾರಿಗಳೂ ಉಂಟು. ಸದನವನ್ನು ನಡೆಸುವವರು ಸಭಾಧ್ಯಕ್ಷರು. ಯಾವ ಪ್ರಶ್ನೆ ನಿಯಮದೊಳಗಿದೆ ಎಂದು ತೀರ್ಮಾನಿಸುವವರೂ ಅವರೇ. ಗುಂಡ್ಲುಪೇಟೆಯ ಶಾಸಕಿಯಾಗಿದ್ದ ಕೆ. ಎಸ್. ನಾಗರತ್ನಮ್ಮ ಅವರು 1972ರಿಂದ 1978ರವರೆಗೆ ಈ ಪೀಠದಲ್ಲಿ ಕುಳಿತಿದ್ದರು. ನಮ್ಮ ರಾಜ್ಯದ ವಿಧಾನಸಭೆಗೆ ಅವರೇ ಮೊದಲ ಮಹಿಳಾ ಸಭಾಧ್ಯಕ್ಷೆ.

ಒಂದು ಪ್ರಶ್ನೆ ಮಂತ್ರಿಯ ಕುರ್ಚಿ ಅಲುಗಾಡಿಸಿದ ಕಥೆ

ಪ್ರಶ್ನೆ ಕೇಳಿದರೆ ಏನಾಗುತ್ತದೆ ಅಂತ ಅನುಮಾನ ಇರುವವರು ಈ ನಿಜ ಕಥೆ ಕೇಳಿ. ಇದು ಬಡವರ ಉಳಿತಾಯದ ಹಣದ ಕಥೆ. ಆದ್ದರಿಂದ ನಮ್ಮ ಸಂಘಗಳಿಗೆ ಬಹಳ ಹತ್ತಿರದ್ದು.

1956ರಲ್ಲಿ ಕೇಂದ್ರ ಸರ್ಕಾರ ಖಾಸಗಿ ವಿಮಾ ಕಂಪನಿಗಳನ್ನು ತನ್ನ ಕೈಗೆ ತೆಗೆದುಕೊಂಡು ಭಾರತೀಯ ಜೀವ ವಿಮಾ ನಿಗಮವನ್ನು, ಅಂದರೆ ಎಲ್‌ಐಸಿಯನ್ನು ಸ್ಥಾಪಿಸಿತು. ಜನ ತಮ್ಮ ಮಕ್ಕಳ ಭವಿಷ್ಯಕ್ಕೆ ಅಂತ ಕಟ್ಟುವ ಕಂತಿನ ಹಣ ಅಲ್ಲಿ ಸೇರುತ್ತಿತ್ತು. ಹನಿ ಹನಿಗೂಡಿದರೆ ಹಳ್ಳ ಅನ್ನುವ ಹಾಗೆ ಅದು ದೊಡ್ಡ ಮೊತ್ತವಾಯಿತು.

1957ರ ಜೂನ್ ತಿಂಗಳಲ್ಲಿ ಈ ನಿಗಮವು ಹರಿದಾಸ್ ಮುಂದ್ರಾ ಎಂಬ ಕಲ್ಕತ್ತಾದ ವ್ಯಾಪಾರಿಗೆ ಸಂಬಂಧಿಸಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತು. ಆ ಕಾಲಕ್ಕೆ ಇದು ಬಹಳ ದೊಡ್ಡ ಹಣ. ಹಣ ಹೂಡುವ ಮುಂಚೆ ಸಲಹೆ ಕೊಡಬೇಕಾದ ನಿಗಮದ ಸಮಿತಿಯನ್ನೇ ಕೇಳಿರಲಿಲ್ಲ. ಸಂಘದ ಭಾಷೆಯಲ್ಲಿ ಹೇಳುವುದಾದರೆ, ಸಭೆಯ ನಿರ್ಣಯ ಇಲ್ಲದೆ ಸಾಲ ಕೊಟ್ಟ ಹಾಗೆ!

ಈ ವಿಷಯ ಲೋಕಸಭೆಯಲ್ಲಿ ಪ್ರಶ್ನೆಯಾಗಿ ಬಂತು. ಮೊದಮೊದಲು ಸಿಕ್ಕಿದ ಉತ್ತರ ಪೂರ್ತಿ ವಿಷಯವನ್ನು ಬಿಚ್ಚಿಡಲಿಲ್ಲ. ಆದರೆ ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ ಬಿಡಲಿಲ್ಲ. ಅವರು ಆಡಳಿತ ಪಕ್ಷವಾದ ಕಾಂಗ್ರೆಸ್ಸಿನವರೇ. ಅಷ್ಟೇ ಅಲ್ಲ, ಪ್ರಧಾನಿ ಜವಾಹರಲಾಲ್ ನೆಹರೂ ಅವರ ಅಳಿಯ. ಆದರೂ ಯಾವ ದಿನ ಕೊಂಡಿರಿ, ಯಾವ ಬೆಲೆಗೆ ಕೊಂಡಿರಿ, ಆ ದಿನ ಮಾರುಕಟ್ಟೆಯ ಬೆಲೆ ಎಷ್ಟಿತ್ತು ಅಂತ ಲೆಕ್ಕವನ್ನು ಕೈಯಲ್ಲಿ ಹಿಡಿದು 1957ರ ಡಿಸೆಂಬರ್ 16ರಂದು ಸದನದ ಮುಂದೆ ಇಟ್ಟರು.

ಸರ್ಕಾರ ತನಿಖೆಗೆ ಒಪ್ಪಲೇಬೇಕಾಯಿತು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಬಾಗಿಲು ತೆರೆದು ವಿಚಾರಣೆ ಮಾಡಿತು. ಜನ ಎಷ್ಟು ಸೇರಿದರೆಂದರೆ ಹೊರಗೆ ನಿಂತವರಿಗೆ ಕೇಳಲು ಧ್ವನಿವರ್ಧಕ ಹಾಕಬೇಕಾಯಿತು. "ಅಧಿಕಾರಿ ಮಾಡಿದ್ದು, ನನಗೆ ಸಂಬಂಧವಿಲ್ಲ" ಅಂತ ಮಂತ್ರಿ ಹೇಳುವ ಹಾಗಿಲ್ಲ, ತನ್ನ ಇಲಾಖೆಯ ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಮಂತ್ರಿಯೇ ಹೊಣೆ ಎಂಬುದು ಆಯೋಗದ ಅಭಿಪ್ರಾಯ. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಇದರಿಂದ ನಾವು ಕಲಿಯುವುದು ಮೂರು:
* ಪಕ್ಷಕ್ಕಿಂತ, ಸಂಬಂಧಕ್ಕಿಂತ ಜನರ ಹಣ ದೊಡ್ಡದು.
* ಕೂಗಾಟಕ್ಕಿಂತ ದಿನಾಂಕ ಮತ್ತು ಲೆಕ್ಕ ಗಟ್ಟಿ.
* ಮೊದಲ ಉತ್ತರಕ್ಕೆ ಸುಮ್ಮನಾಗಬಾರದು. ಎರಡನೇ ಸಲ, ಮೂರನೇ ಸಲ ಕೇಳಬೇಕು.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ನರ್ಸ್ ಇಲ್ಲ. ಹೆರಿಗೆ ನೋವು ಬಂದರೆ ಜೀಪು ಮಾಡಿಕೊಂಡು ದೂರದ ಆಸ್ಪತ್ರೆಗೆ ಓಡಬೇಕು. ದಾರಿಯಲ್ಲಿ ಏನು ಬೇಕಾದರೂ ಆಗಬಹುದು. ಸಂಘದಲ್ಲಿ ಮಾತು ಹೀಗೆ ನಡೆಯುತ್ತದೆ:

"ಅಕ್ಕಾ, ಆಸ್ಪತ್ರೆಯಲ್ಲಿ ಯಾರೂ ಇರೋದಿಲ್ಲ ಅಂತ ಶಾಸಕರಿಗೆ ಹೇಳೋಣ."

"ಹೇಳಿದ್ರೆ ಏನಂತಾರೆ? 'ಆಯ್ತಮ್ಮ, ನೋಡ್ತೇನೆ' ಅಂತಾರೆ. ಕಾರು ಹತ್ತಿದ ಮೇಲೆ ಮರೆತು ಹೋಗ್ತದೆ."

"ಮತ್ತೆ ಹೇಗೆ ಕೇಳಬೇಕು?"

"ಎಷ್ಟು ಹುದ್ದೆ ಇರಬೇಕು, ಎಷ್ಟು ಖಾಲಿ ಉಂಟು, ಯಾವಾಗಿಂದ ಖಾಲಿ ಉಂಟು ಅಂತ ಕೇಳಬೇಕು. ಲೆಕ್ಕ ಕೇಳಿದ್ರೆ ಲೆಕ್ಕ ಕೊಡಲೇಬೇಕು."

ಎರಡನೆಯವಳು ಹೇಳಿದ್ದು ಸರಿ. ನಮ್ಮ ವಿಧಾನಸಭೆಯಲ್ಲಿ ಪ್ರಶ್ನೆಗಳನ್ನು (ಅ), (ಆ), (ಇ) ಎಂದು ಭಾಗ ಮಾಡಿ ಬರೆಯುತ್ತಾರೆ. ಮೇಲಿನ ಸಮಸ್ಯೆಯನ್ನು ಹೀಗೆ ಬರೆಯಬಹುದು:

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ:
(ಅ) ಇಂಥ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಂಜೂರಾದ ವೈದ್ಯರ ಹಾಗೂ ನರ್ಸ್ ಹುದ್ದೆಗಳು ಎಷ್ಟು; (ಕೇಂದ್ರವಾರು ವಿವರ ನೀಡುವುದು)
(ಆ) ಅವುಗಳಲ್ಲಿ ಖಾಲಿ ಇರುವ ಹುದ್ದೆಗಳೆಷ್ಟು; ಯಾವಾಗಿನಿಂದ ಖಾಲಿ ಇವೆ;
(ಇ) ಇದರಿಂದ ರಾತ್ರಿ ವೇಳೆ ಹೆರಿಗೆಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
(ಈ) ಬಂದಿದ್ದಲ್ಲಿ, ಯಾವ ಕಾಲಮಿತಿಯೊಳಗೆ ಹುದ್ದೆಗಳನ್ನು ಭರ್ತಿ ಮಾಡಲಾಗುವುದು?

ನೋಡಿ, ಇಲ್ಲಿ ಬೈಗುಳ ಇಲ್ಲ, ಯಾರ ಹೆಸರೂ ಇಲ್ಲ. ಆದರೆ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. (ಇ)ಗೆ "ಬಂದಿಲ್ಲ" ಅಂತ ಉತ್ತರ ಬಂದರೆ, "ಇಂಥ ದಿನ ನಮ್ಮ ಊರಿನವರು ಅರ್ಜಿ ಕೊಟ್ಟಿದ್ದಾರಲ್ಲ, ಇಗೋ ಸ್ವೀಕೃತಿ" ಅಂತ ಶಾಸಕರು ಉಪಪ್ರಶ್ನೆ ಕೇಳಬಹುದು. ಅದಕ್ಕೇ ಅರ್ಜಿ ಕೊಟ್ಟಾಗ ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ ಅಂತ ಪ್ರತಿ ತರಬೇತಿಯಲ್ಲೂ ಹೇಳುವುದು.

ನಿಯಮ ಗೊತ್ತಿದ್ದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಬಯಲು ಪ್ರದೇಶದಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎಂಬುದು ಮಾನದಂಡ. ನಮ್ಮ ಹೋಬಳಿಯಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಕೇಂದ್ರ ಇವೆ ಅಂತ ಲೆಕ್ಕ ಹಾಕುವುದು ನಮ್ಮಿಂದ ಆಗದ ಕೆಲಸವಲ್ಲ.

ನ್ಯಾಯದ ವಿಷಯದಲ್ಲಿ ಏನು ಕೇಳಬಹುದು?

ಕೋರ್ಟಿನಲ್ಲಿ ನಡೆಯುತ್ತಿರುವ ಕೇಸಿನ ಬಗ್ಗೆ ಶಾಸಕರು ಸದನದಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ. ನ್ಯಾಯಾಧೀಶರ ನಡತೆಯನ್ನು ಅಲ್ಲಿ ಚರ್ಚಿಸುವಂತಿಲ್ಲ. ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ, ಅದರಲ್ಲಿ ರಾಜಕೀಯ ಕೈ ಹಾಕಬಾರದು ಎಂಬುದೇ ಇದರ ಅರ್ಥ.

ಆದರೆ ಬಡವರಿಗೆ ನ್ಯಾಯ ಸಿಗುವ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಬಹುದು. ಕೆಲವು ಉದಾಹರಣೆ:

* ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರಲ್ಲಿ ಬಂತು, 1995ರ ನವೆಂಬರ್ 9ರಿಂದ ಜಾರಿಯಾಯಿತು. ಇದರ ಪ್ರಕಾರ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕು ಉಂಟು. ನಮ್ಮ ತಾಲ್ಲೂಕಿನಲ್ಲಿ ಕಳೆದ ವರ್ಷ ಎಷ್ಟು ಮಹಿಳೆಯರಿಗೆ ಈ ನೆರವು ಸಿಕ್ಕಿದೆ?

* ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಇದರ ಕೆಳಗೆ ಸಂರಕ್ಷಣಾಧಿಕಾರಿಗಳನ್ನು ನೇಮಿಸುವುದು ರಾಜ್ಯ ಸರ್ಕಾರದ ಕೆಲಸ. ನಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು? ಅವರಿಗೆ ಬೇರೆ ಎಷ್ಟು ಕೆಲಸಗಳ ಹೊರೆ ಉಂಟು? ಎಷ್ಟು ದೂರು ಬಂದಿವೆ?

* ಪೊಲೀಸ್ ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಎಷ್ಟು ಮಂದಿ ಇದ್ದಾರೆ? ಖಾಲಿ ಹುದ್ದೆ ಎಷ್ಟು?

ಹೊಡೆತ ತಿಂದು ರಾತ್ರಿ ಠಾಣೆಗೆ ಹೋದ ಹೆಂಗಸಿನ ಮಾತನ್ನು ಕೇಳಲು ಇನ್ನೊಬ್ಬ ಹೆಂಗಸು ಇದ್ದಾಳೋ ಇಲ್ಲವೋ ಎಂಬುದು ಈ ಅಂಕಿಯ ಹಿಂದೆ ಇರುವ ವಿಷಯ. ಹಾಗಾಗಿ ಇದನ್ನು ಬರೀ ಅಂಕಿ ಅಂತ ತಿಳಿಯಬಾರದು.

"ಪರಿಶೀಲಿಸುತ್ತೇವೆ" ಅಂದರೆ ಮುಗಿಯಿತೇ?

ಮಂತ್ರಿಗಳು "ಪರಿಶೀಲಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು" ಎಂದು ಉತ್ತರ ಕೊಡುವುದು ನಾವು ಪತ್ರಿಕೆಯಲ್ಲಿ ಓದಿದ್ದೇವೆ. ಸದನದಲ್ಲಿ ಕೊಟ್ಟ ಇಂಥ ಮಾತು ಗಾಳಿಗೆ ಹೋಗಬಾರದು ಅಂತಲೇ ಸರ್ಕಾರಿ ಭರವಸೆಗಳ ಸಮಿತಿ ಎಂಬ ವ್ಯವಸ್ಥೆ ಉಂಟು. ಲೋಕಸಭೆಯಲ್ಲಿ ಇದು 1953ರಲ್ಲಿ ಶುರುವಾಯಿತು. ಅಲ್ಲಿ ಭರವಸೆಯನ್ನು ಮೂರು ತಿಂಗಳಲ್ಲಿ ಪೂರೈಸಬೇಕು ಎಂಬ ನಿಯಮ ಉಂಟು. ಆಗದಿದ್ದರೆ ಇಲಾಖೆ ಹೆಚ್ಚಿನ ಸಮಯ ಕೇಳಿಕೊಳ್ಳಬೇಕು. ನಮ್ಮ ವಿಧಾನ ಮಂಡಲದಲ್ಲೂ ಭರವಸೆಗಳ ಸಮಿತಿ, ಅರ್ಜಿಗಳ ಸಮಿತಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿಗಳು ಇವೆ.

ಅಂದರೆ ಮಂತ್ರಿ ಕೊಟ್ಟ ಮಾತು ನಮ್ಮ ನಡಾವಳಿ ಪುಸ್ತಕದಲ್ಲಿ ಬರೆದ ನಿರ್ಣಯದ ಹಾಗೆ. ಮುಂದಿನ ಸಭೆಯಲ್ಲಿ "ಏನಾಯಿತು?" ಅಂತ ಕೇಳುವವರು ಇದ್ದರೆ ಮಾತ್ರ ಅದಕ್ಕೆ ಜೀವ.

ಈ ವ್ಯವಸ್ಥೆಗೂ ರೋಗ ಉಂಟು

ಎಲ್ಲ ಚೆನ್ನಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. 2005ರಲ್ಲಿ ಪ್ರಶ್ನೆ ಕೇಳಲು ಹಣ ತೆಗೆದುಕೊಂಡದ್ದು ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದು, ಆ ಡಿಸೆಂಬರ್‌ನಲ್ಲಿ 11 ಮಂದಿ ಸಂಸದರು ಸದಸ್ಯತ್ವ ಕಳೆದುಕೊಂಡರು. ಗದ್ದಲ, ಧರಣಿಯಿಂದ ಪ್ರಶ್ನೋತ್ತರ ವೇಳೆ ಹಾಳಾಗುವುದು ಆಗಾಗ ನಡೆಯುತ್ತದೆ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್‌ನ ಸಂಸತ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು ಬರವಣಿಗೆಯ ಉತ್ತರಗಳನ್ನು ಮಾತ್ರ ಕೊಟ್ಟರು.

ಇನ್ನೊಂದು ರೋಗ ನಮ್ಮ ಕಡೆಯಿಂದ. ನಾವು ಶಾಸಕರ ಹತ್ತಿರ ಹೋಗುವುದು ಹೆಚ್ಚಾಗಿ ಸ್ವಂತ ಕೆಲಸಕ್ಕೆ. ವರ್ಗಾವಣೆಗೆ ಪತ್ರ, ಸೀಟಿಗೆ ಶಿಫಾರಸು, ಜಾತ್ರೆಗೆ ಚಂದಾ. ನಾವು ಅಂಥದ್ದನ್ನೇ ಕೇಳಿದರೆ ಅವರೂ ಅದನ್ನೇ ದೊಡ್ಡ ಕೆಲಸ ಅಂತ ತಿಳಿಯುತ್ತಾರೆ. "ನಮ್ಮ ವಿಷಯದಲ್ಲಿ ಈ ಅಧಿವೇಶನದಲ್ಲಿ ಏನು ಪ್ರಶ್ನೆ ಕೇಳಿದ್ರಿ ಸಾರ್?" ಎಂದು ಹತ್ತು ಸಂಘದವರು ಕೇಳಿದರೆ ಅವರೂ ತಯಾರಾಗಿ ಬರುತ್ತಾರೆ.

ನಮ್ಮ ಸಂಘ ಏನು ಮಾಡಬಹುದು?

ಮೊದಲನೆಯದು: ಯಾರ ಕೆಲಸ ಅಂತ ತಿಳಿಯಿರಿ. ಬೀದಿ ದೀಪ, ಚರಂಡಿ ಗ್ರಾಮ ಪಂಚಾಯತಿಯದ್ದು. ಸರ್ಕಾರಿ ಶಾಲೆ, ಆಸ್ಪತ್ರೆ, ಪೊಲೀಸ್ ರಾಜ್ಯ ಸರ್ಕಾರದ್ದು, ಅದಕ್ಕೆ ಶಾಸಕರು. ಅಂಚೆ, ರೈಲು ಕೇಂದ್ರದ್ದು, ಅದಕ್ಕೆ ಲೋಕಸಭಾ ಸದಸ್ಯರು. ತಪ್ಪು ಬಾಗಿಲು ಬಡಿದರೆ ಕಾಲು ನೋವೇ ಹೊರತು ಕೆಲಸ ಆಗುವುದಿಲ್ಲ.

ಎರಡನೆಯದು: ಒಂದೇ ವಿಷಯ ಆರಿಸಿಕೊಳ್ಳಿ. ಹತ್ತು ಬೇಡಿಕೆಯ ಪಟ್ಟಿ ಕೊಟ್ಟರೆ ಒಂದೂ ಆಗುವುದಿಲ್ಲ.

ಮೂರನೆಯದು: ಮಾಹಿತಿ ಸೇರಿಸಿ. ಎಷ್ಟು ಜನರಿಗೆ ವಿಧವಾ ವೇತನ ನಿಂತಿದೆ, ಯಾವ ತಿಂಗಳಿಂದ ನಿಂತಿದೆ, ಯಾರಿಗೆ ಅರ್ಜಿ ಕೊಟ್ಟಿದ್ದಾರೆ ಎಂದು ಬರೆದುಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಸಕಾಲ ಯೋಜನೆಯಲ್ಲಿ ಬರುವ ಸೇವೆಯಾದರೆ ಅರ್ಜಿ ಹಾಕಿದಾಗ ಸಿಕ್ಕಿದ ಸಂಖ್ಯೆಯನ್ನು ಕಳೆದುಕೊಳ್ಳಬೇಡಿ.

ನಾಲ್ಕನೆಯದು: ಒಕ್ಕೂಟದಲ್ಲಿ ನಿರ್ಣಯ ಮಾಡಿ. ಒಂದು ಸಂಘದ ಇಪ್ಪತ್ತು ಸಹಿಗಿಂತ ಒಕ್ಕೂಟದ ಐನೂರು ಸಹಿಗೆ ತೂಕ ಹೆಚ್ಚು.

ಐದನೆಯದು: ಅಧಿವೇಶನ ಶುರುವಾಗುವ ಒಂದು ತಿಂಗಳ ಮೊದಲೇ ಶಾಸಕರಿಗೆ ಪ್ರಶ್ನೆಯನ್ನು ಬರೆದು ಕೊಡಿ. ಒಂದು ಅಧಿವೇಶನಕ್ಕೂ ಇನ್ನೊಂದಕ್ಕೂ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದು ಸಂವಿಧಾನ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ವಿಧಾನಸೌಧದಲ್ಲೋ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೋ ಅಧಿವೇಶನ ಬಂದೇ ಬರುತ್ತದೆ.

ಆರನೆಯದು: ಉತ್ತರದ ಪ್ರತಿ ಕೇಳಿ ಪಡೆಯಿರಿ. ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತವೆ. ಕಾಲೇಜಿಗೆ ಹೋಗುವ ಮಗಳಿಗೆ ಹೇಳಿದರೆ ಹುಡುಕಿ ಓದಿ ಹೇಳುತ್ತಾಳೆ.

ಗ್ರಾಮ ಸಭೆಯಿಂದ ಶುರು ಮಾಡೋಣ

ವಿಧಾನಸಭೆ ದೂರ ಅನ್ನಿಸಿದರೆ ಗ್ರಾಮ ಸಭೆ ಹತ್ತಿರವೇ ಉಂಟು. ಅಲ್ಲಿ ಪ್ರಶ್ನೆ ಕೇಳಲು ಶಾಸಕರಾಗಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ. ನಮ್ಮ ಸಂಘಗಳಿಂದಲೇ ಹೋಗಿ ಸದಸ್ಯೆಯರಾದವರು, ಅಧ್ಯಕ್ಷೆಯರಾದವರು ಹಲವರು. ಅವರನ್ನು ಕೇಳುವುದು ಎಂದರೆ ಅವರ ಮೇಲೆ ಸಿಟ್ಟು ಎಂದು ಅರ್ಥವಲ್ಲ. ಉತ್ತರ ಹುಡುಕಲು ಹೋದಾಗ ಅವರಿಗೂ ಕಚೇರಿಯ ಕಡತ ನೋಡುವ ಧೈರ್ಯ ಬರುತ್ತದೆ.

ಪಾಸ್‌ಬುಕ್ ತೋರಿಸಿ ಎಂದು ಕೇಳಲು ಕಲಿತ ಬಾಯಿ, ಆಸ್ಪತ್ರೆಯ ಹುದ್ದೆ ಎಷ್ಟು ಎಂದು ಕೇಳಲು ಹೆದರಬೇಕಾಗಿಲ್ಲ.

ಸಂಘದಲ್ಲಿ ಚರ್ಚೆಗೆ
1. ನಮ್ಮ ಶಾಸಕರು ಹೋದ ಅಧಿವೇಶನದಲ್ಲಿ ಕೇಳಿದ ಒಂದು ಪ್ರಶ್ನೆಯಾದರೂ ನಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ತಿಳಿಯುವುದು ಹೇಗೆ?
2. ಫಿರೋಜ್ ಗಾಂಧಿ ತಮ್ಮದೇ ಪಕ್ಷದ ಮಂತ್ರಿಯನ್ನು ಕೇಳಿದರು. ನಮ್ಮ ಸಂಘದಲ್ಲಿ ಸಂಬಂಧಿಕರೇ ಕಂತು ಕಟ್ಟದಿದ್ದಾಗ ನಾವು ಕೇಳುತ್ತೇವೆಯೇ?
3. ನಮ್ಮ ಊರಿನ ಯಾವ ಸೇವೆ ಸರಿಯಾಗಿ ಸಿಗುತ್ತಿಲ್ಲ? ಅದು ಪಂಚಾಯತಿಯದ್ದೋ, ರಾಜ್ಯದ್ದೋ, ಕೇಂದ್ರದ್ದೋ?

ಮುಂದಿನ ಸಭೆಯೊಳಗೆ ಮಾಡಬೇಕಾದ ಕೆಲಸ
ಆರಿಸಿಕೊಂಡ ಒಂದು ವಿಷಯದ ಮೇಲೆ (ಅ), (ಆ), (ಇ) ಮಾದರಿಯಲ್ಲಿ ಪ್ರಶ್ನೆ ಬರೆದು ನಡಾವಳಿ ಪುಸ್ತಕದಲ್ಲಿ ಅಂಟಿಸಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಬರೆಯಲು ಬಲ್ಲವರು ಬರೆದುಕೊಳ್ಳಲಿ. ಒಕ್ಕೂಟದ ಸಭೆಗೆ ಬರುವಾಗ ಪ್ರತಿನಿಧಿಗಳು ಅದನ್ನು ತಪ್ಪದೆ ತರಬೇಕು.